ಆಫೀಸು ಪ್ರತಿಗೆ ಸಹಿ ಬಾಕಿ

ಮೇಷ್ಟ್ರು ತೀರಿಹೋದ ಸುದ್ದಿಯನ್ನು ಸವಿತ ಫೋನಿನಲ್ಲಿ ಹೇಳಿದಾಗ ನಾನು ಹುರುಳಿಕಾಳು ಬೇಯಲಿಟ್ಟು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಇಂಥ ಸುದ್ದಿ ಕೇಳಿದವರು ಮೊದಲು ಅಯ್ಯೋ ಅನ್ನಬೇಕು. ನನ್ನ ಬಾಯಿಂದ ಬಂದದ್ದು, "ನಿನ್ನ ಫಾರಂಗೆ ಸಹಿ ಹಾಕ್ದೇ ಹೋಗ್ಬಿಟ್ರಲ್ಲೇ!"

ಆ ಕಡೆ ಅಳುತ್ತಿದ್ದವಳು ಮೂಗೆಳೆದುಕೊಂಡಳು. "ಚಿಕ್ಕಮ್ಮ, ನೀನಿನ್ನೂ ಅದನ್ನ ಬಿಟ್ಟಿಲ್ವ?"

ಬಿಟ್ಟಿಲ್ಲ. ಒಬ್ಬ ಮನುಷ್ಯನ ಹಿಂದೆ ವರ್ಷಗಟ್ಟಲೆ ಕಾಗದ ಹಿಡಿದುಕೊಂಡು ಅಲೆದವಳಿಗೆ ಅದನ್ನು ಬಿಡುವುದು ಸುಲಭವಲ್ಲ.

ಸವಿತ ನನ್ನ ಅಕ್ಕನ ಮಗಳು. ನಾನು ತಿ. ನರಸೀಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ, ಮನೆ ನಂಜನಗೂಡಿನಲ್ಲಿ. ಮೇಷ್ಟ್ರು ಅದೇ ಕಾಲೇಜಿನಲ್ಲಿ ವಾಣಿಜ್ಯ ಹೇಳಿಕೊಡುತ್ತಿದ್ದವರು. ತೊಂಬತ್ತರ ದಶಕದ ನಡುವೆ ನಮ್ಮಲ್ಲಿಗೊಂದು ಹೊಸ ಪದವಿ ಬಂತು. ಅರ್ಧ ಕಲೆ, ಅರ್ಧ ವ್ಯವಹಾರ. ಚರಿತ್ರೆಯನ್ನೋ ಕನ್ನಡವನ್ನೋ ಓದುತ್ತ ಜೊತೆಗೆ ವಾಣಿಜ್ಯವನ್ನೂ ಓದುವುದು. ಎರಡನೆಯ ವರ್ಷ ನಾಲ್ಕು ತಿಂಗಳು ಫ್ಯಾಕ್ಟರಿಯಲ್ಲೋ ಅಂಗಡಿಯಲ್ಲೋ ಕೆಲಸ ಮಾಡಿ ಬರುವುದು. ಬಂದ ಮೇಲೆ ಲೆಕ್ಕಪತ್ರ, ಮಾರಾಟ, ಸಿಬ್ಬಂದಿ ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು ಕೊನೆಯ ವರ್ಷ ಅದನ್ನೇ ಆಳವಾಗಿ ಓದಿ, ಮತ್ತೆ ನಾಲ್ಕು ತಿಂಗಳು ಅದೇ ಕೆಲಸಕ್ಕೆ ಹೋಗುವುದು. ಆ ಒಂದಕ್ಕೆ ಫಾರಂನಲ್ಲಿ 'ವಿಶೇಷ ವಿಷಯ' ಎಂದು ಹೆಸರು. ಹುಡುಗರು ಸ್ಪೆಷಲ್ಲು ಅನ್ನುತ್ತಿದ್ದರು. ಫಾರಂ ಒಂದೇ ಹಾಳೆ, ಎರಡು ಪ್ರತಿ. ಒಂದು ವಿಶ್ವವಿದ್ಯಾಲಯಕ್ಕೆ, ಒಂದು ನಮ್ಮ ಆಫೀಸಿಗೆ. ವಿದ್ಯಾರ್ಥಿಯ ಸಹಿ, ಪೋಷಕರ ಸಹಿ, ಮೇಷ್ಟ್ರ ಸಹಿ. ಬೇರೆ ಯಾರೇ ಆಗಿದ್ದರೂ ಅರ್ಧ ಗಂಟೆಯ ಕೆಲಸ.

ಅವರ ಕೈಗೆ ಹೋದರೆ ಆರು ವಾರ.

ನೋಡುವುದಕ್ಕೆ ಏನೂ ವಿಶೇಷವಿಲ್ಲದ ಕುಳ್ಳು ಮನುಷ್ಯ. ಅರ್ಧ ತೋಳಿನ ಅಂಗಿ, ಕಂಕುಳಲ್ಲಿ ಬಟ್ಟೆಚೀಲ, ಕಿವಿಯ ಮೇಲೆ ಪೆನ್ಸಿಲ್ಲು. ಹೆಡತಲೆ ಊರಿನಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಏಳಕ್ಕೇ ಮನೆ ಬಿಡುತ್ತಿದ್ದರಿಂದ ಹನ್ನೊಂದಕ್ಕೆಲ್ಲ ಹಸಿವು. ಸ್ಟಾಫ್ ರೂಮಿನಲ್ಲಿ ಉಣ್ಣಬಹುದಿತ್ತು. ಇಲ್ಲ, ನನ್ನ ಮೇಜಿನ ಮೂಲೆಯೇ ಆಗಬೇಕು. "ಅಲ್ಲಿ ಎಲ್ರೂ ಏನ್ ತಂದಿದೀರ ಅಂತ ಕೇಳ್ತಾರೆ ಕಣಮ್ಮ. ನೀವು ಕೇಳಲ್ಲ" ಅನ್ನುತ್ತಿದ್ದರು. ಕೇಳುವುದೇನು, ಮೂಗಿಗೇ ಬಡಿಯುತ್ತಿತ್ತಲ್ಲ. ದಿನಾ ಮೊಸರನ್ನ, ನಿಂಬೆಕಾಯಿ ಉಪ್ಪಿನಕಾಯಿ. ನನ್ನ ಅಡ್ಮಿಷನ್ ರಿಜಿಸ್ಟರಿನ ಒಂದು ಪುಟದಲ್ಲಿ ಆ ಉಪ್ಪಿನಕಾಯಿಯ ಎಣ್ಣೆ ಇಳಿದು ಹಿಂದಿನ ನಾಲ್ಕು ಪುಟದವರೆಗೂ ಹೋಗಿತ್ತು. ಉಂಡಾದ ಮೇಲೆ ಅರ್ಧ ಬ್ಲೇಡಿನಲ್ಲಿ ಪೆನ್ಸಿಲ್ಲು ಹೆರೆಯುವುದು. ಕಸದ ಬುಟ್ಟಿ ಕಾಲ ಬುಡದಲ್ಲೇ ಇದ್ದರೂ ಒಂದು ಚೂರಾದರೂ ಅದರೊಳಗೆ ಬಿದ್ದದ್ದನ್ನು ನಾನು ಕಾಣೆ.

ಪೆನ್ಸಿಲ್ಲಿನ ಕಾನೂನು ಹೀಗಿತ್ತು: ವಿಶೇಷ ವಿಷಯದ ಜಾಗದಲ್ಲಿ ಯಾರೂ ಮೊದಲೇ ಇಂಕಿನಲ್ಲಿ ಬರೆಯಕೂಡದು. ಪೆನ್ಸಿಲ್ಲಿನಲ್ಲಿ ಬರೆದು ತರಬೇಕು. ಅವರು ನೋಡಿ "ಯಾಕೆ?" ಅನ್ನುತ್ತಾರೆ. ಉತ್ತರ ಹಿಡಿಸದಿದ್ದರೆ ಚೀಲದಿಂದ ರಬ್ಬರು ತೆಗೆದು ಅವರೇ ಅಳಿಸಿ, ಹಾಳೆಯ ಮೇಲೆ ಉಫ್ ಎಂದು ಊದಿ ವಾಪಸು ಕೊಡುತ್ತಾರೆ. ಒಂದು ಸಲ ಹದಿನಾರು ಎಂಬ ಊರಿನ ಹುಡುಗನೊಬ್ಬ ಧೈರ್ಯವಾಗಿ, "ಮಾರಾಟ ಸಾ, ಅದ್ಕೆ ಬಾಳ ಸ್ಕೋಪ್ ಐತೆ" ಅಂದ.

"ಎಷ್ಟುದ್ದ ಐತಪ್ಪ?"

"ಸಾ?"

"ಸ್ಕೋಪು. ಇಲ್ಲಿಂದ ಸಂತೆಮಾಳದ್ ಗಂಟ ಐತ? ಸಂತೆಲಿ ನಿಂತು ಏನಾರ ಮಾರಿದೀಯ ಯಾವತ್ತಾರ?"

"ಇಲ್ಲ ಸಾ."

ಉಫ್. ಫಾರಂ ವಾಪಸು. ನಾನು ಆ ಹೆಸರಿನ ಮುಂದೆ 'ಬಂದಿಲ್ಲ' ಎಂದು ನಾಲ್ಕನೆಯ ಸಲ ಗುರುತು ಹಾಕಿಕೊಂಡೆ.

ಇನ್ನೊಂದು ವರ್ಷ ಅವರಿಗೆ ಬೇರೆಯದೇ ಅನುಮಾನ ಹತ್ತಿತು. ಲೆಕ್ಕಪತ್ರ ತೆಗೆದುಕೊಂಡವರೆಲ್ಲ ಒಂದೇ ದಿಕ್ಕಿನ ಊರಿನವರು. ಮೂರು ದಿನ ನನ್ನ ರಿಜಿಸ್ಟರನ್ನು ಮುಂದೆ ಹಾಕಿಕೊಂಡು ಕೂತು ಕೊನೆಗೆ ಕಂಡುಹಿಡಿದರು: ಲೆಕ್ಕಪತ್ರಕ್ಕೆ ಕೊನೆಯ ಪಿರಿಯಡ್ಡು ಇರಲಿಲ್ಲ, ಆ ಊರುಗಳಿಗೆ ಹೋಗುವ ಕೊನೆಯ ಬಸ್ಸು ಮೂರೂವರೆಗೇ ಹೊರಡುತ್ತಿತ್ತು. ಮಕ್ಕಳು ಆರಿಸಿಕೊಂಡದ್ದು ವಿಷಯವನ್ನಲ್ಲ, ಬಸ್ಸನ್ನು! ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಮೂರು ವಿಷಯವೂ ಒಂದೇ ಹೊತ್ತಿಗೆ ನಡೆಯಬೇಕೆಂದು ವೇಳಾಪಟ್ಟಿಯನ್ನೇ ಒಡೆದು ಕಟ್ಟಿದರು. ಇದ್ದದ್ದು ಎರಡು ಕೋಣೆ. ಮೂರನೆಯ ತರಗತಿ ಸೈಕಲ್ ಸ್ಟ್ಯಾಂಡಿನಲ್ಲಿ. ಹೊಸ ವೇಳಾಪಟ್ಟಿಯ ಪ್ರತಿ ತೆಗೆಯುವ ಸ್ಟೆನ್ಸಿಲ್ಲನ್ನು ನಾನು ಮೂರು ಸಲ ಟೈಪು ಮಾಡಿದೆ. ಮೂರನೆಯ ಸಲ ಅವರಿಗೆ ಕೇಳಲೆಂದೇ ಕೀಲಿಗಳನ್ನು ಜೋರಾಗಿ ಕುಟ್ಟಿದೆ. "ನಿಧಾನ ಕಣಮ್ಮ. ಆತುರ ಬಸ್ಸಿಗಿರ್ಲಿ, ಕಾಗದಕ್ಕೆ ಬೇಡ" ಅಂದರು. ಬಸ್ಸಿಗಾದರೂ ಆತುರಪಡಲು ಬಿಟ್ಟರೇ? ನನ್ನ ನಾಲ್ಕು ಗಂಟೆಯ ಬಸ್ಸನ್ನು ಅವರು ಎಷ್ಟು ಸಲ ತಪ್ಪಿಸಿದ್ದಾರೋ ಆ ನಂಜುಂಡೇಶ್ವರನಿಗೇ ಗೊತ್ತು. ನಾನು ಬ್ಯಾಗು ಹೆಗಲಿಗೇರಿಸಿದ ಮೇಲೆಯೇ ಅವರಿಗೆ ನೆನಪಾಗುತ್ತಿತ್ತು: "ಅಮ್ಮಾ, ಒಂದು ಸಣ್ಣ ವಿಷ್ಯ..."

ಒಂದು ಮಾತು ಮಾತ್ರ ಒಪ್ಪಬೇಕು. ಮಕ್ಕಳಿಗೆ ಕೆಲಸದ ಜಾಗ ಹುಡುಕಲು ನಂಜನಗೂಡಿನ ಫ್ಯಾಕ್ಟರಿಗಳ ಕಡೆ ಅವರು ಕಾಲಲ್ಲೇ ಅಲೆಯುತ್ತಿದ್ದರು. ಮ್ಯಾನೇಜರುಗಳು ಒಳಗೆ ಬಿಡದಿದ್ದರೆ ವಾಚ್‌ಮನ್ನಿನ ಸ್ಟೂಲಿನ ಪಕ್ಕ ಚೀಲ ಹಾಸಿಕೊಂಡು ಕೂರುತ್ತಿದ್ದರು. "ಮ್ಯಾನೇಜರ್ರು ಬದ್ಲಾಗ್ತಾನೆ, ವಾಚ್‌ಮನ್ ಬದ್ಲಾಗಲ್ಲ" ಎಂಬುದು ಅವರ ಸಿದ್ಧಾಂತ. ಸವಿತನಿಗೆ ನಾಲ್ಕು ತಿಂಗಳ ಕೆಲಸ ಸಿಕ್ಕಿದ್ದೂ ಹೀಗೆ ಒಂದು ನೂಲಿನ ಫ್ಯಾಕ್ಟರಿಯಲ್ಲಿ, ಕಾರ್ಮಿಕರ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ.

ಸವಿತನ ಊರು ಕವಲಂದೆ. ಅಲ್ಲಿಂದ ದಿನಾ ನರಸೀಪುರಕ್ಕೆ ಬಂದುಹೋಗುವುದು ಆಗದ ಮಾತೆಂದು ನಮ್ಮ ಮನೆಯಲ್ಲಿದ್ದು, ನನ್ನ ಜೊತೆಯಲ್ಲೇ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಭಾವ ಅವಳನ್ನು ಓದಲು ಬಿಟ್ಟದ್ದೇ ಒಂದು ಷರತ್ತಿನ ಮೇಲೆ: ಕೊನೆಯ ವರ್ಷ ಲೆಕ್ಕಪತ್ರವನ್ನೇ ತೆಗೆದುಕೊಳ್ಳಬೇಕು. "ಲೆಕ್ಕ ಅಂದ್ರೆ ಒಳಗೆ ಫ್ಯಾನಿನ್ ಕೆಳ್ಗೆ ಕೂತ್ ಮಾಡೋ ಕೆಲ್ಸ ಕಣಮ್ಮಿ. ನಾಳೆ ಗಂಡಿನ್ ಕಡೆಯೋರು ಕೇಳುದ್ರೆ ಏಳಕ್ಕೂ ಚೆಂದ. ಬ್ಯಾರೆ ಏನಾರ ಬರುದ್ಲೋ, ಕರ್ಕಂಡ್ ಓಯ್ತಿನಿ ಅಷ್ಟೆಯ" ಅಂದಿದ್ದರು. ನಾನು ಆಗಲಿ ಭಾವ, ನಾನಿದೀನಲ್ಲ ಎಂದು ಮಾತು ಕೊಟ್ಟಿದ್ದೆ. ಹುಡುಗಿಯ ಓದು ನಿಲ್ಲಬಾರದು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಅವಳಿಗೇನು ಬೇಕು ಎಂದು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ.

ಫಾರಂ ಕಳಿಸುವ ಕೊನೆಯ ದಿನ ಸೋಮವಾರ. ತಪ್ಪಿದವರಿಗೆ ಎಲ್ಲಿ ಜಾಗ ಉಳಿದಿರುತ್ತದೋ ಆ ವಿಷಯ. ಹಿಂದಿನ ಗುರುವಾರವಾದರೂ ಸವಿತ ಹಾಳೆಯನ್ನು ಪುಸ್ತಕದ ನಡುವೆ ಇಟ್ಟುಕೊಂಡು ಓಡಾಡುತ್ತಿದ್ದಳೇ ಹೊರತು ಬರೆದಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಆಫೀಸಿನಲ್ಲಿ ಖಾಲಿ ಫಾರಂಗೇನು ಬರ? ಹೊಸದೊಂದು ತೆಗೆದು, ಎರಡೂ ಪ್ರತಿಯಲ್ಲಿ ನಾನೇ ಇಂಕಿನಲ್ಲಿ 'ಲೆಕ್ಕಪತ್ರ' ಎಂದು ಬರೆದೆ. ಮನೆಯಲ್ಲಿ ಅವಳ ಮುಂದಿಟ್ಟೆ. ಒಂದು ಸಲ ನನ್ನ ಮುಖ ನೋಡಿ ಸಹಿ ಹಾಕಿದಳು. ಪೋಷಕರ ಜಾಗದಲ್ಲಿ ನಾನು ಹಾಕಿದೆ.

ಗುಮಾಸ್ತರ ಕೆಲಸದಲ್ಲಿ ಒಂದು ಕೈಚಳಕವಿದೆ. ಸಾಹೇಬರ ಸಹಿಗೆ ಕಾಗದ ಒಯ್ಯುವಾಗ ಹಾಳೆಗಳನ್ನು ಒಂದರ ಕೆಳಗೊಂದು ಮೆಟ್ಟಿಲು ಮೆಟ್ಟಿಲಾಗಿ ಜಾರಿಸಿ ಜೋಡಿಸುತ್ತೇವೆ. ಸಹಿಯ ಜಾಗ ಮಾತ್ರ ಕಾಣುತ್ತದೆ, ಮೇಲಿನದೆಲ್ಲ ಮುಚ್ಚಿರುತ್ತದೆ. ಸಾಹೇಬರ ಕೈ ಏಣಿ ಇಳಿದಂತೆ ಸರಸರನೆ ಇಳಿದುಹೋಗುತ್ತದೆ. ಪ್ರಿನ್ಸಿಪಾಲರು ಹೀಗೆ ಐವತ್ತು ಸಹಿಯನ್ನು ಟೀ ಆರುವುದರೊಳಗೆ ಮುಗಿಸುತ್ತಿದ್ದರು. ಶುಕ್ರವಾರ ನಾನು ಆ ಮೇಷ್ಟ್ರು ಆಗಲೇ ಪಾಸು ಮಾಡಿದ್ದ ಇಪ್ಪತ್ತು ಫಾರಂಗಳ ನಡುವೆ ಸವಿತನದನ್ನು ಸೇರಿಸಿ ಮೆಟ್ಟಿಲು ಕಟ್ಟಿ, ಅವರು ಮೊಸರನ್ನ ಕಲಸುವಾಗಲೇ ಮುಂದಿಟ್ಟೆ.

ಅವರು ಕೈ ತೊಳೆದು ಬಂದರು. ಕಟ್ಟನ್ನು ಎತ್ತಿ, ಇಸ್ಪೀಟು ಎಲೆಯ ಹಾಗೆ ಮೇಜಿನ ಮೇಲೆ ಟಕ್ ಟಕ್ ಎಂದು ಕುಟ್ಟಿ ನೇರ ಮಾಡಿಕೊಂಡು, ಮೊದಲ ಹಾಳೆಯಿಂದ ಓದಲು ಶುರುಮಾಡಿದರು. ಹನ್ನೊಂದನೆಯದೋ ಹನ್ನೆರಡನೆಯದೋ ಹಾಳೆಗೆ ನಿಂತರು.

"ಇದು ಮಗುವಿನ ಅಕ್ಷರ ಅಲ್ವಲ್ಲಮ್ಮ."

ಕಾಲೇಜಿನ ಎಲ್ಲ ರಿಜಿಸ್ಟರಿನಲ್ಲೂ ಇರುವ ಅಕ್ಷರ ನನ್ನದು. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ನಾನೇ ಬರ್ದೆ ಸಾರ್. ಮನೇಲಿ ಎಲ್ಲ ಮಾತಾಡಿ ಆಗಿದೆ. ಸೋಮವಾರ ಕೊನೇ ದಿನ..."

"ನಾಳೆ ಶನಿವಾರ ಅಲ್ವ? ಬೆಂಚಿಗೆ ಬನ್ನಿ. ಅವ್ಳ ತಂದೇನೂ ಕರ್ಸಿ."

"ಸಾರ್, ಇಲ್ಲೇ ಇದೀನಲ್ಲ, ಈಗ್ಲೇ ಕೇಳಿ!"

"ಇಲ್ಲಿರೋದು ಗುಮಾಸ್ತೆ. ಬೆಂಚಿಗೆ ಪೋಷಕರು ಬರ್ಬೇಕು" ಎಂದು ಫಾರಂ ನನ್ನ ಕೈಗೆ ಕೊಟ್ಟು, ಉಪ್ಪಿನಕಾಯಿಯ ಡಬ್ಬಿ ಮುಚ್ಚಿಕೊಂಡು ಹೋದರು. ನನಗೆ ಬಂದ ಸಿಟ್ಟಿನಲ್ಲಿ ಆ ಫಾರಂ ಹರಿದು ಬುಟ್ಟಿಗೆ ಹಾಕಿದೆ. ಆಮೇಲೆ ತೆಗೆದುಕೊಂಡೆ, ಆಫೀಸಿನ ಕಾಗದ.

ಬೆಂಚು ಎಂದರೆ ಕಾರಿಡಾರಿನ ಕೊನೆಯಲ್ಲಿ ನೀರಿನ ಡ್ರಮ್ಮಿನ ಪಕ್ಕ, ಒಂದು ಕಾಲಿನ ಬದಲು ಇಟ್ಟಿಗೆ ಕೊಟ್ಟ ಹಳೆಯ ಮರದ ಬೆಂಚು. ಶನಿವಾರ ಮಧ್ಯಾಹ್ನ ಅಲ್ಲಿ ಹೆತ್ತವರು ಸಾಲಾಗಿ ಕೂರುತ್ತಿದ್ದರು. ಎದುರಿಗೆ ಸ್ಟೂಲಿನ ಮೇಲೆ ಮೇಷ್ಟ್ರು, ಪಕ್ಕದಲ್ಲಿ ನಿಂತ ವಿದ್ಯಾರ್ಥಿ. ತಾನು ಕೆಲಸ ಮಾಡಿದ ತಿಂಗಳುಗಳಲ್ಲಿ ಯಾವುದಾದರೂ ಒಂದು ದಿನವನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಪೂರ್ತಿ ಹೇಳಬೇಕು. ಹೆತ್ತವರು ಏನು ಬೇಕಾದರೂ ಕೇಳಬಹುದು, ಏನನ್ನೂ ಹೇಳುವ ಹಾಗಿಲ್ಲ. ಬಾಯಿ ತೆರೆದರೆ ಮೇಷ್ಟ್ರು ಪೆನ್ಸಿಲ್ಲು ಎತ್ತುತ್ತಿದ್ದರು: "ನಿಮ್ಮ ಸರದಿ ಬತ್ತದೆ, ತಡೀರಿ." ಆ ಸರದಿ ಯಾರಿಗೂ ಬಂದದ್ದನ್ನು ನಾನು ನೋಡಿಲ್ಲ.

ನನ್ನ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಅಟೆಂಡರು ನೋಡಿ ನಗುತ್ತಿರಲು, ನಾನು ಸರದಿಯಲ್ಲಿ ಕೂತೆ. ಪಕ್ಕದಲ್ಲಿ ಭಾವ, ಮಡಚಿದ ಟವಲು ಹೆಗಲ ಮೇಲೆ. ಕೂತ ತಕ್ಷಣ ಅವರೇ ಶುರುಮಾಡಿದರು.

"ನೋಡಿ ಮೇಷ್ಟ್ರೇ, ನಮ್ ಎಣ್ಮಗ ಪ್ಯಾಕ್ಟ್ರಿ ಗೇಟಲ್ಲಿ ನಿಂತ್ಕಂಡು ಓಗೋರ್ ಬರೋರ್ ಮಕ ನೋಡೋದು..."

ಪೆನ್ಸಿಲ್ಲು ಎದ್ದಿತು. "ಕೇಳ್ಬೋದು ಯಜಮಾನ್ರೆ, ಹೇಳಂಗಿಲ್ಲ. ನಿಮ್ಮ ಸರದಿ ಬತ್ತದೆ."

ಸವಿತ ಮೊದಲು ನೆಲ ನೋಡಿಕೊಂಡು ಹೇಳಿದಳು. ಬೆಳಿಗ್ಗೆ ಗೇಟಿನಲ್ಲಿ ಹಾಜರಿ ಕಾರ್ಡು ಒತ್ತುವ ಗಡಿಯಾರ, ಕಾರ್ಡಿನ ಮೇಲೆ ಕೆಂಪು ಶಾಯಿ ಬಿದ್ದರೆ ತಡ ಎಂದು ಅರ್ಥ, ಮೂರು ಸಲ ಕೆಂಪಾದರೆ ಅರ್ಧ ದಿನ ರಜೆ ಕಡಿತ. ಒಂದು ದಿನ ಕಾರ್ಡುಗಳನ್ನು ಜೋಡಿಸುವಾಗ ಅವಳಿಗೆ ಕಂಡದ್ದು, ಕೆಂಪಾದ ಹೆಂಗಸರೆಲ್ಲ ಹದಿನಾರು ಊರಿನ ಕಡೆಯವರು.

"ಅವ್ರೇನು ಬೇಕೂಂತ ತಡ ಮಾಡ್ತಾರ?" ಭಾವನ ಬಾಯಿಂದ ತಾನಾಗಿ ಬಂತು. ಅದು ಪ್ರಶ್ನೆಯಾದ್ದರಿಂದ ಪೆನ್ಸಿಲ್ಲು ಏಳಲಿಲ್ಲ.

"ಇಲ್ಲಪ್ಪಾಜಿ. ನಾನು ಮಾರ್ನೆ ದಿವ್ಸ ಬಸ್‌ಸ್ಟ್ಯಾಂಡಲ್ಲಿ ನಿಂತ್ಕೊಂಡು ನೋಡ್ದೆ. ಅವ್ರ ಬಸ್ಸು ಬರೋದೇ ಶಿಫ್ಟಿಗೆ ಐದು ನಿಮಿಷ ಇರೋವಾಗ. ಅಲ್ಲಿಂದ ಓಡ್ಕೊಂಡು ಬಂದ್ರೂ ಆಗಲ್ಲ."

"ಆಮೇಕೆ?"

"ಒಂದ್ ವಾರ ದಿನಾ ನಿಂತು ಬಸ್ಸಿನ ಹೊತ್ತು ಬರ್ಕೊಂಡೆ. ಪಕ್ಕದಲ್ಲಿ ಕಾರ್ಡಿನ ಹೊತ್ತು. ಮ್ಯಾನೇಜರ್ ಹತ್ರ ತಗೊಂಡ್ ಹೋದೆ."

"ಏನಂದಾ ಅವ್ನು?"

"ಬಸ್ಸು ಲೇಟಾದ್ರೆ ನಂಗೇನಮ್ಮ ಅಂದ್ರು."

"ಅವ್ನಜ್ಜಿ!" ಭಾವ ಟವಲನ್ನು ತೊಡೆಗೆ ಬಡಿದರು. "ಯಾವೂರ್ನೋನ್ಲಾ ಅವ್ನು? ಆಮೇಕೆ? ನೀ ಸುಮ್ನೆ ಬಂದ್ಬುಟ್ಯಾ?"

ಸುಮ್ಮನೆ ಬಂದಿರಲಿಲ್ಲ. ಮತ್ತೆ ಹೋಗಿದ್ದಳು, ಮೂರು ಸಲ. ಕೊನೆಗೆ ಆ ಬಸ್ಸಿನವರಿಗೆ ಮಾತ್ರ ಹತ್ತು ನಿಮಿಷ ಬಿಟ್ಟರಂತೆ, ಸಂಜೆ ಹತ್ತು ನಿಮಿಷ ಹೆಚ್ಚು ನಿಲ್ಲುವ ಒಪ್ಪಂದದ ಮೇಲೆ. ಹೇಳುತ್ತ ಹೇಳುತ್ತ ಅವಳ ತಲೆ ಮೇಲೆದ್ದಿತ್ತು, ಕೈ ಆಡುತ್ತಿತ್ತು. ನಾನು ಬೆರಗಾಗಿ ಕೂತಿದ್ದೆ. ಆ ನಾಲ್ಕು ತಿಂಗಳೂ ಅವಳು ನನ್ನ ಮನೆಯಲ್ಲೇ ಇದ್ದಳು. ಬೇಳೆ ಮುಗಿದದ್ದು, ಹಾಲು ಒಡೆದದ್ದು, ಅವಳ ಚಪ್ಪಲಿಯ ಉಂಗುಷ್ಟ ಕಿತ್ತದ್ದು ಎಲ್ಲ ನನಗೆ ಗೊತ್ತಿತ್ತು. ಬೆಳಿಗ್ಗೆ ಯಾಕೆ ಅರ್ಧ ಗಂಟೆ ಮುಂಚೆ ಹೊರಡುತ್ತೀಯ ಎಂದು ಗದರಿದ್ದೂ ಇತ್ತು. ಯಾಕೆ ಎಂದು ನಿಂತು ಕೇಳಿರಲಿಲ್ಲ.

ಮಾತು ಮುಗಿದಾಗ ಭಾವ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಬರ್ಕೊ ಅತ್ಲಾಗೆ. ಅದೇನ್ ಬರ್ಕತಿಯೋ ಬರ್ಕೊ."

ಸದ್ಯ, ನಂಜುಂಡೇಶ್ವರ ಕಣ್ಣು ಬಿಟ್ಟ ಎಂದುಕೊಂಡು ನಾನು ಹೊಸ ಫಾರಂ ಮುಂದೆ ಹಿಡಿದೆ. ಆ ಪುಣ್ಯಾತ್ಮರು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ಇವತ್ತು ಬೇಡ. ಅಪ್ಪ ಖುಷಿಯಾದ ಅಂತ ಬರೀತಾಳೆ. ಅದೂ ಅವಳ ಉತ್ತರ ಅಲ್ಲ. ತಂದೆ ಸಹಿ ಮಾತ್ರ ಹಾಕ್ಲಿ. ಸೋಮವಾರ ಬೆಳಿಗ್ಗೆ ಬರ್ಕೊಂಡ್ ಬರ್ಲಿ."

"ಸಾರ್! ಸೋಮವಾರ ನಾಲ್ಕು ಗಂಟೆಗೆ ಮೈಸೂರಲ್ಲಿ ಕೌಂಟರ್ ಮುಚ್ತಾರೆ!"

"ನಾಲ್ಕಕ್ಕಲ್ವ? ಟೈಮಿದೆ."

ಆ ಸೋಮವಾರ ಅವರ ಬಸ್ಸು ಕೆಟ್ಟು ನಿಂತಿತು. ಹನ್ನೆರಡಾದರೂ ಮೇಷ್ಟ್ರಿಲ್ಲ. ನಾನು ಉಳಿದ ಫಾರಂಗಳನ್ನು ಕಟ್ಟಿ, ದಾರ ಬಿಗಿದು, ಗೇಟಿಗೂ ಆಫೀಸಿಗೂ ಓಡಾಡಿದೆ. ಸವಿತ ಮಾತ್ರ ಬೆಂಚಿನ ಮೇಲೆ ತಣ್ಣಗೆ ಕೂತಿದ್ದಳು. ಹನ್ನೆರಡೂವರೆಗೆ ಅವರು ಯಾರದೋ ಟ್ರಾಕ್ಟರಿನಿಂದ ಇಳಿದು, ಬಟ್ಟೆಯ ಧೂಳು ಕೊಡವಿಕೊಂಡು ಬಂದು ಫಾರಂ ನೋಡಿದರು. ಪೆನ್ಸಿಲ್ಲಿನಲ್ಲಿ 'ಸಿಬ್ಬಂದಿ' ಎಂದಿತ್ತು.

"ಯಾಕೆ?"

ನನಗೆ ಕೂಗಿಬಿಡುವ ಹಾಗಾಯಿತು.

"ಗೊತ್ತಿಲ್ಲ ಸಾರ್" ಅಂದಳು ಸವಿತ. "ಆ ಹೆಂಗಸ್ರು ಇವತ್ತು ಟೈಮಿಗೆ ಬಂದ್ರಾ ಅಂತ ಈಗ್ಲೂ ದಿನಾ ಬೆಳಿಗ್ಗೆ ಅನ್ಕೋತೀನಿ. ಲೆಕ್ಕದ ಪುಸ್ತಕ ಮುಚ್ಚಿದ್ಮೇಲೆ ಯಾವತ್ತೂ ಏನೂ ಅನ್ಕೊಂಡಿಲ್ಲ."

ವಿಶ್ವವಿದ್ಯಾಲಯದ ಪ್ರತಿಯಲ್ಲಿ ಅವಳ ಕೈಯಲ್ಲೇ ಇಂಕು ತಿದ್ದಿಸಿ ಸಹಿ ಹಾಕಿದರು. ನಾನು ಕಟ್ಟು ಹಿಡಿದು ಓಡಿ, ಮೈಸೂರಿನ ಕೌಂಟರು ಮುಚ್ಚುವ ಹೊತ್ತಿಗೆ ಒಳಗೆ ಕೈ ತೂರಿಸಿದೆ.

ಆಫೀಸು ಪ್ರತಿ? ಅದಕ್ಕೆ ಅವರದು ಇನ್ನೊಂದು ಕಾನೂನು. ಅದು ಪೆನ್ಸಿಲ್ಲಿನಲ್ಲೇ ಇರಬೇಕು. ಎರಡನೆಯ ಸಲ ಕೆಲಸಕ್ಕೆ ಹೋಗಿಬಂದು, ಮತ್ತೆ ಬೆಂಚಿನ ಹತ್ತಿರ ನಿಂತು, ಆರಿಸಿಕೊಂಡದ್ದು ಸರಿಯಾಯಿತೋ ಇಲ್ಲವೋ ಹೇಳಿದ ಮೇಲೆ ಸಹಿ. "ಅಷ್ಟೊತ್ತಿಗೆ ಬದಲಾಯಿಸೋಕೆ ಆಗಲ್ಲವಲ್ಲ ಸಾರ್, ಯಾಕೆ ಸುಮ್ನೆ?" ಎಂದರೆ, "ಕಾಗದದಲ್ಲಿ ಆಗಲ್ಲ" ಎನ್ನುತ್ತಿದ್ದರು. ತಪಾಸಣೆಗೆ ಬಂದವರು ಆ ಪೆನ್ಸಿಲ್ಲಿನ ಫಾರಂಗಳನ್ನು ನೋಡಿ ನನ್ನನ್ನು ಬೈದದ್ದು ಅಷ್ಟಿಷ್ಟಲ್ಲ. ಮೇಷ್ಟ್ರು ಮಾತ್ರ ಪಕ್ಕದಲ್ಲಿ ನಿಂತು ಪೆನ್ಸಿಲ್ಲು ಹೆರೆಯುತ್ತಿದ್ದರು.

ಎಲ್ಲ ಮಕ್ಕಳೂ ಒಬ್ಬೊಬ್ಬರಾಗಿ ಬಂದರು, ಹೇಳಿದರು, ಸಹಿಯಾಯಿತು. ಸವಿತ ಬರಲಿಲ್ಲ. ಎರಡನೆಯ ಸಲ ಹೋದ ಅದೇ ಫ್ಯಾಕ್ಟರಿಯವರು ಅವಳನ್ನು ಅಲ್ಲೇ ಉಳಿಸಿಕೊಂಡರು. ಆಮೇಲೆ ಮದುವೆ, ಮಗು, ಬಡ್ತಿ. "ಬತ್ತೀನಿ ಚಿಕ್ಕಮ್ಮ, ಈ ತಿಂಗ್ಳು ಬಿಡುವಿಲ್ಲ" ಎಂದೇ ವರ್ಷಗಳು ಹೋದವು. ಹುಡುಗರು ಸಾಲದೆ ಆ ಪದವಿಯೇ ನಿಂತುಹೋಯಿತು. ಮೇಷ್ಟ್ರು ನಿವೃತ್ತರಾದ ದಿನವೂ ಹಾರ ಹಾಕಿಸಿಕೊಂಡು ನಿಂತವರ ಮುಂದೆ ನಾನು ಆ ಹಾಳೆ ಹಿಡಿದೆ. "ಅವ್ಳಿಗೆ ನೌಕರೀನೇ ಆಯ್ತಲ್ಲ ಸಾರ್, ಇನ್ನೇನು ಕೇಳೋದು? ಹಾಕ್ಬಿಡಿ."

"ಮಗು ಬಂದು ಹೇಳ್ಲಿ" ಅಂದರು.

ಹಳೆಯ ಕಡತಗಳನ್ನು ವಿಲೇವಾರಿ ಮಾಡಿದಾಗ ಅದೊಂದು ಹಾಳೆಯನ್ನು ಮನೆಗೆ ತಂದಿಟ್ಟುಕೊಂಡೆ.

ಹೆಡತಲೆಯಲ್ಲಿ ಅವರ ತಿಥಿಯ ಊಟ ಮುಗಿಸಿ ನಾನೂ ಸವಿತನೂ ಬಸ್ಸಿಗೆ ಬಂದು ನಿಂತಾಗ ಅದನ್ನು ಬ್ಯಾಗಿನಿಂದ ತೆಗೆದು ಅವಳ ಕೈಗೆ ಕೊಟ್ಟೆ. ನೋಡು, ನಿನ್ನಿಂದ ಬಾಕಿ ಉಳಿದದ್ದು ಎಂದು ಒಂದು ಮಾತು ಅನ್ನೋಣವೆಂದೇ. ಅವಳು ಬಹಳ ಹೊತ್ತು ನೋಡಿದಳು. ಪೆನ್ಸಿಲ್ಲಿನ ಅಕ್ಷರ ಮಾಸಿತ್ತು, ಓದಬಹುದಿತ್ತು.

"ಅವ್ರ ಮುಂದೆ ನಿಂತು ಏನ್ ಹೇಳ್ಲಿ ಅಂತಾನೇ ಬರ್ಲಿಲ್ಲ ಚಿಕ್ಕಮ್ಮ" ಅಂದಳು. "ಮೊದಮೊದಲು ಬಿಡುವಿರ್ಲಿಲ್ಲ, ನಿಜ. ಆಮೇಲೆ ಭಯ. ಈಗ ಆ ಕೆಂಪು ಕಾರ್ಡು ನೋಡಿ ರಜೆ ಕಡಿತಕ್ಕೆ ಸಹಿ ಹಾಕೋಳು ನಾನೇ. ಕೆಲ್ಸ ಬಿಡ್ಲಾ ಅಂತ ಯೋಚ್ನೆ ಮಾಡ್ತಿದೀನಿ."

ಇಷ್ಟು ವರ್ಷದ ಸರ್ವೀಸು, ಬಡ್ತಿ, ಮಗುವಿನ ಸ್ಕೂಲು, ಅವಳ ಗಂಡ ಏನಂದಾನು, ಭಾವನಿಗೆ ನಾನೇನು ಹೇಳಲಿ, ಎಲ್ಲ ಒಟ್ಟಿಗೆ ನಾಲಿಗೆಯ ತುದಿಗೆ ಬಂದವು. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸೂ ಕಾಣಿಸಿತು. ಬಾಯಿ ತೆರೆದೆ. ಎದುರಿಗೆ ಯಾರೋ ಪೆನ್ಸಿಲ್ಲು ಎತ್ತಿದ ಹಾಗಾಯಿತು.

"ಯಾಕೆ?" ಅಂದೆ.

ಅವಳು ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂತು, ಹಿಂದಿನ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಗೇಟಿನಲ್ಲಿ ಏನಾಯಿತೆಂದು ಹೇಳಲು ಶುರುಮಾಡಿದಳು. ಕಂಡಕ್ಟರು ಬಾಗಿಲಲ್ಲಿ ನಿಂತು, "ಬತ್ತೀರೇನ್ರಕ್ಕ, ಇಲ್ವ?" ಎಂದು ಎರಡು ಸಲ ಕೂಗಿದ. ನಾನು ಕೈ ಬೀಸಿ ಕಳಿಸಿಬಿಟ್ಟೆ.

"ಆಮೇಲೆ?"

ನಾಲ್ಕು ಗಂಟೆಯ ಬಸ್ಸು. ತಾವು ಹೋದ ಮೇಲೂ ತಪ್ಪಿಸಿದರು, ಪುಣ್ಯಾತ್ಮರು.